ಎಳ್ಳು ಬಿಟ್ಟ ಎಣ್ಣಿ

ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ‘ಅಂವ ಎಣ್ಣಿ ತರಾಕ ಹೋಗ್ಯಾನ’ ಅಂದರೆ ಮನೆಯಲ್ಲಿ ಒಗ್ಗರಣೆಗೆ ಶೇಂಗಾ ಎಣ್ಣಿ ತೀರಿದೆ ಎಂದು ಅರ್ಥ. ಅದೇ ಮಾತನ್ನು ರಾತ್ರಿ ಒಂಬತ್ತಕ್ಕೆ ಅಂದರೆ ಹೇಳುವವರ ದನಿಯೂ ಬೇರೆ, ಕೇಳುವವರ ಮುಖವೂ ಬೇರೆ. ಪದ ಒಂದೇ, ಉಚ್ಚಾರವೂ ಒಂದೇ, ಆದರೂ ಯಾರಿಗೂ ಗೊಂದಲವಿಲ್ಲ. ಬೆಂಗಳೂರಿನ ಕಡೆ ‘ಎಣ್ಣೆ ಹೊಡೆಯೋದು’, ಗೋಕಾಕ–ಹುಕ್ಕೇರಿಯ ಕಡೆ ‘ಎಣ್ಣಿ ಹೊಡಿಯೂದು’. ಮನೆ ಮನಿಯಾಗುವಂತೆ, ಬೆಣ್ಣೆ ಬೆಣ್ಣಿಯಾಗುವಂತೆ ಕೊನೆಯ ಸ್ವರ ಬದಲಾಗಿದೆಯೇ ಹೊರತು ಚಟ ಬದಲಾಗಿಲ್ಲ. ತೀರ್ಥ, ಗುಂಡು ಎಂಬ ಮರೆಮಾತುಗಳ ಸಾಲಿಗೆ ಎಣ್ಣೆಯೂ ಬಂದು ಕೂತಿದೆ.

ಹೆಂಡಕ್ಕೆ ಎಣ್ಣೆ ಎಂದವರು ಯಾರು, ಯಾವ ಊರಲ್ಲಿ ಎಂದು ಹುಡುಕಿ ಪ್ರಯೋಜನವಿಲ್ಲ. ಇಂಥ ಮಾತುಗಳಿಗೆ ಜನ್ಮಪತ್ರ ಇರುವುದಿಲ್ಲ. ಆದರೆ ಈ ಪದ ಅಲ್ಲಿಯವರೆಗೆ ನಡೆದು ಬಂದ ದಾರಿಯನ್ನು ಗುರುತಿಸಬಹುದು. ದಾರಿಯ ಉದ್ದಕ್ಕೂ ಅದು ಒಂದೊಂದಾಗಿ ಏನನ್ನೋ ಕಳಚುತ್ತ ಬಂದಿದೆ.

ಮೊದಲು ಕಳಚಿದ್ದು ಎಳ್ಳನ್ನು. ಎಣ್ಣೆ ಎಂದರೆ ಎಳ್ + ನೆಯ್. ಬೆಳ್ + ನೆಯ್ ಬೆಣ್ಣೆಯಾಯಿತು, ಅಂದರೆ ಬಿಳಿಯ ನೆಯ್. ಬೆಳ್ಳಿಯ, ಬೆಳ್ಳುಳ್ಳಿಯ ‘ಬೆಳ್’ ಅದೇ. ಎರಡರಲ್ಲೂ ಳಕಾರವೂ ನಕಾರವೂ ಬೆಸೆದು ‘ಣ್ಣ’ ಆಯಿತು, ಕೊನೆಯ ಯಕಾರ ಉದುರಿಹೋಯಿತು. ತಮಿಳಿನವರು ಎಣ್ಣೆಯ್, ವೆಣ್ಣೆಯ್ ಎಂದು ಆ ಯಕಾರವನ್ನು ಇನ್ನೂ ಉಳಿಸಿಕೊಂಡಿದ್ದಾರೆ. ತೆಲುಗಿನ ನೂನೆಯ ಮೊದಲರ್ಧವೂ ಎಳ್ಳೇ, ಅವರ ನುವ್ವು. ಸಂಸ್ಕೃತದವರೇನೂ ಬೇರೆ ಮಾಡಲಿಲ್ಲ, ತಿಲದಿಂದ ತೈಲ ಮಾಡಿಕೊಂಡರು. ಮೆಡಿಟರೇನಿಯನ್ ತೀರದಲ್ಲಿ ಎಳ್ಳಿನ ಜಾಗದಲ್ಲಿ ಆಲಿವ್ ಇತ್ತು, ಅದರಿಂದ ಲ್ಯಾಟಿನ್ನಿನ ಓಲಿಯಂ ಹುಟ್ಟಿತು, ಅದರಿಂದ ಇಂಗ್ಲಿಷಿನ ಆಯಿಲ್. ಎಲ್ಲ ಕಡೆಯೂ ಕತೆ ಒಂದೇ: ಒಂದು ಬೆಳೆಯ ರಸಕ್ಕೆ ಇಟ್ಟ ಹೆಸರು ಎಲ್ಲ ಜಿಡ್ಡಿನ ರಸಕ್ಕೂ ಹರಡಿತು. ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ಎಣ್ಣೆಯ ಪದವೊಂದಕ್ಕೂ ನಮ್ಮ ಎಳ್ಳಿಗೂ ನಂಟು ಹಚ್ಚುವವರಿದ್ದಾರೆ. ಹೋಲಿಕೆ ಕಿವಿಗೆ ಇಂಪಾಗಿದೆ. ಎರಡಕ್ಷರ ನಂಬಿ ಸಮುದ್ರ ದಾಟುವ ಧೈರ್ಯ ನನಗಿಲ್ಲ.

ಹೀಗೆ ಎಣ್ಣೆ ಎಂಬ ಪದ ಎಳ್ಳಿಗೇ ಎಳ್ಳುನೀರು ಬಿಟ್ಟಿತು. ಬಿಟ್ಟದ್ದು ಎಷ್ಟು ಪೂರ್ತಿಯಾಗಿ ಎಂದರೆ ಎಳ್ಳಿನದೇ ಎಣ್ಣೆ ಬೇಕಾದಾಗ ‘ಎಳ್ಳೆಣ್ಣೆ’ ಎಂದು ಕೇಳಬೇಕಾಯಿತು. ಆ ಪದದೊಳಗೆ ಎಳ್ಳು ಎರಡು ಸಲ ಕೂತಿದೆ, ಅಂಗಡಿಯವನು ಮಾತ್ರ ಒಂದಕ್ಕೇ ದುಡ್ಡು ತೆಗೆದುಕೊಳ್ಳುತ್ತಾನೆ.

ಇನ್ನು ನೆಯ್. ಹಳೆಯ ಕಾಲಕ್ಕೆ ಅದು ತುಪ್ಪ, ಎಣ್ಣೆ, ಬೆಣ್ಣೆ, ಕೊಬ್ಬು ಎಲ್ಲಕ್ಕೂ ಸಲ್ಲುತ್ತಿದ್ದ ಮಾತು. ತಮಿಳಿನಲ್ಲಿ, ತೆಲುಗಿನಲ್ಲಿ, ತುಳುವಿನಲ್ಲಿ ಅದು ಈಗಲೂ ತುಪ್ಪದ ಹೆಸರಾಗಿ ಬದುಕಿದೆ. ಕನ್ನಡದಲ್ಲಿ ಸ್ವತಂತ್ರವಾಗಿ ಸತ್ತು, ಎಣ್ಣೆ–ಬೆಣ್ಣೆಗಳ ಹೊಟ್ಟೆಯೊಳಗೆ ಅಡಗಿ ಕೂತಿದೆ. ಅದರ ಜಾಗಕ್ಕೆ ಬಂದದ್ದು ತುಪ್ಪ. ಗೋಕಾಕದ ಕರದಂಟಿಗೆ ಬೀಳುವ ತುಪ್ಪವೇ ಗಡಿ ದಾಟಿದರೆ ಮರಾಠಿಯ ‘ತೂಪ್’. ಹಾಲನ ಗಾಥಾಸಪ್ತಶತಿಯ ಪ್ರಾಕೃತದಲ್ಲೇ ‘ತುಪ್ಪ’ ಸಿಗುತ್ತದೆ. ಅಲ್ಲಿ ಕನ್ನಡದ ಗುರುತು ಹಿಡಿಯುವವರು ತೋರಿಸುವ ಪದಗಳಲ್ಲಿ ಇದೂ ಒಂದು. ಪ್ರಾಕೃತದ ದೇಶೀ ಕೋಶಗಳಲ್ಲಿ ಸೇರಿಹೋದ ಕನ್ನಡ ಪದಗಳನ್ನು ಹೆಕ್ಕಿ ಲೇಖನ ಬರೆದ ಆ.ನೇ. ಉಪಾಧ್ಯೆಯವರು ಹುಕ್ಕೇರಿಗೆ ದೂರವಲ್ಲದ ಸದಲಗದವರು, ಹುಟ್ಟಿದ್ದು 1906ರಲ್ಲಿ. 1967ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಎರಡು ಭಾಷೆ ಒಂದೇ ಬಾವಿಯ ನೀರು ಸೇದುವ ಸೀಮೆಯಲ್ಲಿ ಬೆಳೆದವರಿಗೆ ಇಂಥ ಪದಗಳು ಕಣ್ಣಿಗೆ ಬೀಳುವುದು ಸಹಜ.

ಎಣ್ಣೆ ಎಳ್ಳಿನಿಂದ ಬಿಡಿಸಿಕೊಂಡರೂ ಬಹುಕಾಲ ಬೀಜವನ್ನು ಬಿಟ್ಟಿರಲಿಲ್ಲ. ಶಾಸನಗಳಲ್ಲಿ ನಂದಾದೀವಿಗೆಗೆಂದು ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ದತ್ತಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಬಿಟ್ಟವರು ತೆಲ್ಲಿಗರು, ಅವರ ಸಂಘಕ್ಕೆ ‘ಅಯ್ವತ್ತೊಕ್ಕಲು’ ಎಂಬ ಹೆಸರು. ತೆಲ್ಲಿಗನ ಒಳಗಿರುವುದು ತೈಲ, ಗಾಣಿಗನ ಒಳಗಿರುವುದು ಗಾಣ. ಈ ಎರಡನೆಯ ಪದದ ಮೇಲೆ ಒಂದು ಕಣ್ಣಿಡಬೇಕು. ಗಾಣ ಎಂದರೆ ಎಣ್ಣೆ ಹಿಂಡುವುದೂ ಹೌದು, ಕಬ್ಬು ಹಿಂಡುವುದೂ ಹೌದು. ಎರೆ ಹೊಲದಲ್ಲಿ ಹಿಂಗಾರಿ ಕುಸುಬಿ ಬಿತ್ತುತ್ತಿದ್ದ ಕಾಲಕ್ಕೆ ಊರ ಗಾಣದಿಂದ ಕುಸುಬಿ ಎಣ್ಣಿ ಬರುತ್ತಿತ್ತು. ಘಟಪ್ರಭೆಗೆ ಧೂಪದಾಳದ ಒಡ್ಡು, ಆಮೇಲೆ ಹಿಡಕಲ್ ಜಲಾಶಯ ಬಂದು, ಕಾಲುವೆಯ ನೀರು ಹರಿದಂತೆ ಕಬ್ಬು ಹಬ್ಬಿತು. ಇವತ್ತು ಈ ಭಾಗದಲ್ಲಿ ‘ಗಾಣ ಹೂಡ್ಯಾರ’ ಅಂದರೆ ಬೆಲ್ಲ ಮಾಡುತ್ತಿದ್ದಾರೆ ಎಂದೇ ಅರ್ಥ. ಎಣ್ಣೆ ಕಬ್ಬಿನ ಕಡೆ ವಾಲುವ ಮೊದಲೇ ಅದರ ಯಂತ್ರದ ಹೆಸರು ವಾಲಿತ್ತು.

ಬೆಲ್ಲದ ಗಾಣದಲ್ಲಿ ಎಣ್ಣೆಗೆ ಇನ್ನೂ ಒಂದು ಕೆಲಸ ಉಳಿದಿದೆ. ಹಾಲು, ಅಂದರೆ ಕಬ್ಬಿನ ಹಾಲು, ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಸುಣ್ಣ ಬಿದ್ದು, ಬೆಂಡೆಯ ಲೋಳೆ ಬಿದ್ದು, ಹೊಲಸು ಮೇಲೆ ಬಂದು, ಅದನ್ನು ಜಾಲರಿಯಿಂದ ಬಳಿದು ತೆಗೆದಾಗಿದೆ. ಪಾಕ ಗಟ್ಟಿಯಾಗುವ ಹೊತ್ತಿಗೆ ಒಮ್ಮೆಲೇ ನೊರೆ ಏಳುತ್ತದೆ, ಕಂದು ನೊರೆ, ಮೊಳಕಾಲೆತ್ತರ, ಇನ್ನೇನು ಅಂಚು ದಾಟಿ ಒಲೆಗೆ ಸುರಿಯಬೇಕು. ಪಾಕ ಕಾಯುವವನು ಗಡಿಬಿಡಿ ಮಾಡುವುದಿಲ್ಲ. ಬಟ್ಟಲಿಗೆ ಕೈ ಅದ್ದಿ ಔಡಲ ಎಣ್ಣಿಯನ್ನೋ ಶೇಂಗಾ ಎಣ್ಣಿಯನ್ನೋ ನಾಲ್ಕು ಹನಿ ಸಿಡಿಸುತ್ತಾನೆ. ಹನಿ ಬಿದ್ದಲ್ಲೆಲ್ಲ ನೊರೆಯಲ್ಲಿ ಗುಳಿ ಬೀಳುತ್ತದೆ, ಗುಳಿಗಳು ಒಂದಕ್ಕೊಂದು ಕೂಡುತ್ತವೆ, ಎರಡು ಉಸಿರು ಎಳೆಯುವಷ್ಟರಲ್ಲಿ ನೊರೆ ಕುಸಿದು ಕೆಳಗೆ ಪಾಕದ ಮುಖ ಕಾಣುತ್ತದೆ. ಗುಳ್ಳೆಯ ಗೋಡೆ ಎಂದರೆ ನೀರಿನ ತೆಳು ಪದರ. ಎಣ್ಣೆಯ ಹನಿ ಅದರೊಳಗೆ ನುಗ್ಗಿ ಹರಡಿದಾಗ ಆ ಜಾಗ ಇನ್ನೂ ತೆಳುವಾಗಿ ಹರಿದುಬಿಡುತ್ತದೆ. ಇಡೀ ಕೊಪ್ಪರಿಗೆಗೆ ನಾಲ್ಕೇ ಹನಿ ಸಾಕಾಗುವುದು ಎಣ್ಣೆ ನೀರಿನೊಳಗೆ ಕರಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಕರಗುವಂತಿದ್ದರೆ ಪಾಕದಲ್ಲಿ ಹೇಳಹೆಸರಿಲ್ಲದೆ ಹೋಗುತ್ತಿತ್ತು. ಈ ಗುಣವನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಪದ ಎರಡನೆಯದಾಗಿ ಕಳಚಿದ್ದು ಬೀಜವನ್ನು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕರ್ನಲ್ ಡ್ರೇಕ್ ಕೊರೆಸಿದ ಬಾವಿಯ ನಂತರ ನೆಲದೊಳಗಿನ ಎಣ್ಣೆ ದೀಪಕ್ಕೆ ಬರತೊಡಗಿತು. ತೆಂಕಣ ಕರ್ನಾಟಕ ಅದನ್ನು ಸೀಮೆಎಣ್ಣೆ ಎಂದಿತು, ಪರದೇಶದಿಂದ ಬಂದದ್ದೆಲ್ಲ ಸೀಮೆಯದು. ಬಡಗಣದವರು ಚಿಮಣಿ ಎಣ್ಣಿ ಎಂದರು. ಅವರಿಗೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾವುದರಲ್ಲಿ ಉರಿಯುತ್ತದೆ ಎನ್ನುವುದು ಮುಖ್ಯ. ಪೆಟ್ರೋಲಿಯಮ್ಮಿಗೆ ಕಲ್ಲೆಣ್ಣೆ ಎಂದದ್ದೂ ಉಂಟು. ಮೂಲ ಪದದಲ್ಲಿ ಇರುವುದೂ ಕಲ್ಲು ಮತ್ತು ಆಲಿವ್, ನಮ್ಮದರಲ್ಲಿ ಕಲ್ಲು ಮತ್ತು ಎಳ್ಳು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಕಲ್ಲೆಣ್ಣೆಗೂ ಕುಸುಬಿ ಎಣ್ಣೆಗೂ ರಕ್ತಸಂಬಂಧವಿಲ್ಲ. ಒಂದು ಬರಿಯ ಇಂಗಾಲ–ಜಲಜನಕದ ಸರಪಳಿ, ಇನ್ನೊಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲ ಕಟ್ಟಿದ ಅಣು. ಆದರೆ ಎರಡೂ ಜಿಡ್ಡು, ಎರಡೂ ನೀರಿನ ಮೇಲೆ ತೇಲುತ್ತವೆ. ಪದಕ್ಕೆ ಅಷ್ಟು ಸಾಕಾಗಿತ್ತು.

ಹೆಂಡಕ್ಕೆ ಬಂದಾಗ ಅದೂ ಹೋಯಿತು. ಸಾರಾಯಿ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ಬೆರಳಿಗೆ ಜಿಡ್ಡು ಹತ್ತುವುದಿಲ್ಲ. ಎಳ್ಳಿಲ್ಲ, ಬೀಜವಿಲ್ಲ, ಎಣ್ಣೆತನವೇ ಇಲ್ಲ. ಹಾಗಿದ್ದರೆ ಉಳಿದದ್ದೇನು? ಉರಿ. ಎಳ್ಳೆಣ್ಣೆ ದೀಪದಲ್ಲಿ ಉರಿಯಿತು, ಚಿಮಣಿ ಎಣ್ಣಿ ಚಿಮಣಿಯಲ್ಲಿ ಉರಿಯಿತು, ಸ್ಪಿರಿಟ್ ಕಡ್ಡಿ ಗೀರಿದರೂ ಉರಿಯುತ್ತದೆ, ಗಂಟಲಿಗೆ ಇಳಿದರೂ ಉರಿಯುತ್ತದೆ. ಜಿಡ್ಡಿಗಿಂತ ಉರಿಯೇ ಈ ಪದದ ಗಟ್ಟಿ ಅರ್ಥವಾಗಿತ್ತು, ಕುಡುಕರು ಅದನ್ನು ಗುರುತಿಸಿದರು ಎಂದು ನನ್ನ ಊಹೆ. ಅವರ ಬಳಕೆಗೆ ಸರ್ಕಾರದ ಮುದ್ರೆಯೂ ಬಿತ್ತು ಎನ್ನಬಹುದು. 2003ರಲ್ಲಿ ಶುರುವಾದ ಎಥನಾಲ್ ಬೆರಕೆಯ ಯೋಜನೆ 2022ಕ್ಕೆ ಪೆಟ್ರೋಲಿನಲ್ಲಿ ಶೇಕಡ 10 ಮುಟ್ಟಿತು, 2025ಕ್ಕೆ 20. ಸಾರಾಯಿಯ ಅಣುವೂ ಕಲ್ಲೆಣ್ಣೆಯೂ ಈಗ ಒಂದೇ ಟ್ಯಾಂಕಿನಲ್ಲಿವೆ.

ಆ ಎಥನಾಲಿನ ಒಂದು ಪಾಲು ಗೋಕಾಕ, ಹುಕ್ಕೇರಿ, ಮೂಡಲಗಿ ಈ ಮೂರು ತಾಲ್ಲೂಕುಗಳದೇ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಬೆಲ್ಲದ ಬಾಗೇವಾಡಿಯಲ್ಲಿ ವಿಶ್ವರಾಜ್ ಶುಗರ್ಸ್, ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲ್ಲೂಕಿನ ಹುಣಶ್ಯಾಳದಲ್ಲಿ ಸತೀಶ್ ಶುಗರ್ಸ್. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟುರಸಕ್ಕೆ ಕಾಕಂಬಿ ಎನ್ನುತ್ತೇವೆ, ಮರಾಠಿಯ ಕಾಕವಿ ಅದರ ಪಕ್ಕದ ಮನೆಯದು. ಒಂದು ಟನ್ ಕಾಕಂಬಿಗೆ ಸುಮಾರು 220ರಿಂದ 250 ಲೀಟರ್ ಆಲ್ಕೊಹಾಲ್. ಕಾಕಂಬಿಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಯೀಸ್ಟ್ ಬಿಟ್ಟು, ಒಂದು ಒಂದೂವರೆ ದಿನ ಹುದುಗು ಬರಲು ಬಿಡುತ್ತಾರೆ. ಯೀಸ್ಟು ಸಕ್ಕರೆ ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತದೆ. ಆ ಅನಿಲದಿಂದ ಇಲ್ಲಿಯೂ ನೊರೆ ಏಳುತ್ತದೆ, ಇಲ್ಲಿಯೂ ಎಣ್ಣೆ ಹಾಕುತ್ತಾರೆ. ಹೆಸರು ಟರ್ಕಿ ರೆಡ್ ಆಯಿಲ್, ಅಂದರೆ ಗಂಧಕಾಮ್ಲ ಹಾಕಿ ಪಳಗಿಸಿದ ಅದೇ ಔಡಲ ಎಣ್ಣಿ.

ಇಲ್ಲಿಗೆ ಪದದ ಕತೆ ಮುಗಿಯಿತು ಅನ್ನಬಹುದಿತ್ತು. ಮುಗಿಯದಿರಲು ಕಾರಣ ಆ ತೊಟ್ಟಿಯಲ್ಲಿ ಕೆಲಸ ಮಾಡುವ ಜೀವ. ಹೊರಗೆ ಬರುವ ‘ಎಣ್ಣಿ’ಯಲ್ಲಿ ಎಣ್ಣೆ ಇಲ್ಲ, ಆದರೆ ಅದನ್ನು ಮಾಡುವ ಯೀಸ್ಟಿನೊಳಗೆ ಜಿಡ್ಡು ಇಲ್ಲದಿದ್ದರೆ ಒಂದು ಲೋಟವೂ ಆಗುವುದಿಲ್ಲ.

ಯೀಸ್ಟಿನ ಒಂದು ಜೀವಕೋಶ ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು. ಅದರ ಮೈಸುತ್ತ ಪೊರೆ, ಒಳಗಿನ ಒಂದೊಂದು ಕೋಶಾಂಗದ ಸುತ್ತಲೂ ಪೊರೆ. ಪೊರೆ ಎಂದರೆ ಜಿಡ್ಡಿನ ಎರಡು ಪದರ. ತೊಟ್ಟಿಯಲ್ಲಿ ಆಲ್ಕೊಹಾಲ್ ಶೇಕಡ 8, 9, 10 ಎಂದು ಏರಿದಂತೆ ಅದು ಈ ಪೊರೆಯೊಳಗೆ ನುಸುಳಿ ಅದನ್ನು ಸಡಿಲಿಸುತ್ತದೆ. ತಾನು ಮಾಡಿದ್ದೇ ಯೀಸ್ಟಿಗೆ ವಿಷ. ತಡೆದುಕೊಳ್ಳಬೇಕಾದರೆ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಜಿಡ್ಡು ಇರಬೇಕು, ಜೊತೆಗೆ ಒಲೀಕ್ ಆಮ್ಲದಂಥ ಅಪರ್ಯಾಪ್ತ ಕೊಬ್ಬಿನಾಮ್ಲ ಇರಬೇಕು. ಎರಡನ್ನೂ ತಯಾರಿಸಲು ಆಮ್ಲಜನಕ ಬೇಕೇಬೇಕು. ಗಾಳಿ ಇಲ್ಲದ ಕಡೆ ಯೀಸ್ಟ್ ಬೆಳೆಸಬೇಕಾದರೆ ಇವನ್ನು ಹೊರಗಿನಿಂದ ಕೊಡಬೇಕು ಎಂದು ಆಂಡ್ರಿಯಾಸನ್ ಮತ್ತು ಸ್ಟಿಯರ್ 1953–54ರಲ್ಲಿ ತೋರಿಸಿದರು. ಡಿಸ್ಟಿಲರಿಯವರು ಯೀಸ್ಟನ್ನು ಬೆಳೆಸುವ ಹಂತದಲ್ಲಿ ಗಾಳಿ ಊದುವುದು ಸುಮ್ಮನೆ ಅಲ್ಲ. ಒಲೀಕ್ ಆಮ್ಲ ಮಾಡುವ ಯೀಸ್ಟಿನ ಜೀನಿಗೆ ವಿಜ್ಞಾನಿಗಳು ಇಟ್ಟ ಹೆಸರು ‘ಒಎಲ್‌ಇ1’. ಲ್ಯಾಟಿನ್ನಿನ ಆಲಿವ್ ಎಣ್ಣೆ ಅಲ್ಲಿಯವರೆಗೂ ಹೋಗಿ ಮುಟ್ಟಿದೆ.

ಜಿಡ್ಡು ತಯಾರಾಗುವುದು ಬಹುಮಟ್ಟಿಗೆ ಒಂದೇ ಕಡೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಬಲೆಯಂಥ ಕೋಶಾಂಗದಲ್ಲಿ. ವಿಜ್ಞಾನಿಗಳ ಬಾಯಲ್ಲಿ ಇ.ಆರ್. ಬೇಕಾಗಿರುವುದು ಎಲ್ಲ ಕಡೆ: ಹೊರಪೊರೆಗೆ, ಮೈಟೊಕಾಂಡ್ರಿಯಕ್ಕೆ, ವ್ಯಾಕ್ಯೂಲಿಗೆ. ನಡುವೆ ಇರುವುದು ನೀರು. ಕೊಪ್ಪರಿಗೆಯ ನೊರೆ ಮುರಿದ ಗುಣವೇ ಇಲ್ಲಿ ಅಡ್ಡ ಬರುತ್ತದೆ, ಜಿಡ್ಡಿನ ಅಣು ತಾನಾಗಿ ನೀರಿಗಿಳಿದು ಈಸಿಕೊಂಡು ಹೋಗುವುದಿಲ್ಲ. ಪೊರೆಯ ಸಣ್ಣ ಚೀಲಗಳು ಕಳಚಿಕೊಂಡು ಹೋಗಿ ಇನ್ನೊಂದು ಪೊರೆಗೆ ಸೇರುವ ದಾರಿ ಒಂದಿದೆ. ಆದರೆ ಮೈಟೊಕಾಂಡ್ರಿಯ ಆ ಚೀಲಗಳ ದಾರಿಯಲ್ಲಿ ಇಲ್ಲವೇ ಇಲ್ಲ. ಆದರೂ ಯೀಸ್ಟಿನಲ್ಲಿ ಫಾಸ್ಫಟಿಡಿಲ್‌ಸೆರೀನ್ ಎಂಬ ಜಿಡ್ಡು ಇ.ಆರ್.ನಲ್ಲಿ ಹುಟ್ಟಿ, ಮೈಟೊಕಾಂಡ್ರಿಯಕ್ಕೆ ಹೋಗಿ, ಅಲ್ಲಿ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ರೂಪ ಬದಲಿಸಿ, ಮತ್ತೆ ಇ.ಆರ್.ಗೆ ಮರಳಿ ಮೂರನೆಯ ಜಿಡ್ಡಾಗುತ್ತದೆ. ತವರಿಗೂ ಗಂಡನ ಮನೆಗೂ ನಡುವೆ ರಸ್ತೆಯೇ ಇಲ್ಲದಿದ್ದರೂ ಹೋಗಿಬರುವುದು ನಿಂತಿಲ್ಲ.

ರಸ್ತೆ ಇಲ್ಲದಿದ್ದರೆ ಮನೆಗಳೇ ಹತ್ತಿರ ಬರಬೇಕು. ಬಂದಿವೆ. ಎರಡು ಕೋಶಾಂಗಗಳ ಪೊರೆಗಳು ಕೆಲವು ಕಡೆ ಹತ್ತರಿಂದ ಮೂವತ್ತು ನ್ಯಾನೊಮೀಟರಿನಷ್ಟು ಸಮೀಪಕ್ಕೆ ಬಂದು, ಅಂಟದೆ, ಎದುರುಬದುರು ನಿಲ್ಲುತ್ತವೆ. ಅಲ್ಲಿ ಅವನ್ನು ಹಿಡಿದಿಟ್ಟಿರುವುದು ಏನು ಎಂದು 2009ರಲ್ಲಿ ಬೆನುವಾ ಕೊರ್ನ್‌ಮನ್, ಪೀಟರ್ ವಾಲ್ಟರ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದಲ್ಲಿ ಕಂಡುಹಿಡಿದ ಬಗೆ ಬಹಳ ಚೆನ್ನಾಗಿದೆ. ಇ.ಆರ್.ಗೂ ಮೈಟೊಕಾಂಡ್ರಿಯಕ್ಕೂ ಸೇರಿಸಿ ಅವರು ತಾವೇ ಒಂದು ಕೃತಕ ಕೊಂಡಿ ಮಾಡಿ ಯೀಸ್ಟಿಗೆ ಹಾಕಿದರು. ಆಮೇಲೆ, ಈ ಕೊಂಡಿ ಇದ್ದರೆ ಮಾತ್ರ ಚೆನ್ನಾಗಿ ಬದುಕುವ, ಇಲ್ಲದಿದ್ದರೆ ಸೊರಗುವ ಯೀಸ್ಟುಗಳನ್ನು ಹುಡುಕಿದರು. ಅಂಥವುಗಳಲ್ಲಿ ಸ್ವಂತ ಕೊಂಡಿಯೇ ಮುರಿದಿರಬೇಕಲ್ಲ! ಹಾಗೆ ಸಿಕ್ಕಿದ್ದು ನಾಲ್ಕು ಪ್ರೋಟೀನುಗಳ ಕೂಟ, ಹೆಸರು ಎರ್ಮಿಸ್. ಅದು ಬರೀ ಕಟ್ಟಿಹಾಕುವ ಕೊಂಡಿಯಲ್ಲ. ಆ ಕೂಟದ ಮೂರು ಪ್ರೋಟೀನುಗಳ ಹೊಟ್ಟೆಯಲ್ಲಿ ಜಿಡ್ಡಿನ ಅಣು ನೀರಿಗೆ ಸೋಂಕದಂತೆ ಕೂರುವ ಟೊಳ್ಳು ಇದೆ ಎಂದು ಆಮೇಲೆ ತಿಳಿಯಿತು.

ವಿಪಿಎಸ್13 ಎಂಬ ಇನ್ನೊಂದು ಪ್ರೋಟೀನು ಸುಮಾರು ಇಪ್ಪತ್ತು ನ್ಯಾನೊಮೀಟರ್ ಉದ್ದ. ಅದರ ಮೈಯುದ್ದಕ್ಕೂ ನೀರನ್ನು ಒಲ್ಲದ ತೋಡು ಇದೆ, ಜಿಡ್ಡಿನ ಅಣುಗಳು ಅದರಲ್ಲಿ ಒಂದರ ಹಿಂದೊಂದು ಜಾರಬಲ್ಲವು. ಮನುಷ್ಯರಲ್ಲಿ ಇದರ ಸೋದರ ಪ್ರೋಟೀನೊಂದು ಕೆಟ್ಟರೆ ನರಗಳ ಕಾಯಿಲೆ ಬರುತ್ತದೆ. ಹೊರಪೊರೆಯ ಕಡೆಗೆ ಸಾಗುವ ಎರ್ಗೊಸ್ಟೆರಾಲಿಗೆ ಬೇರೆಯ ಬಳಗ. ಆಶ್ ಎಂಬ ಏಳು ಪ್ರೋಟೀನುಗಳಲ್ಲಿ ಯಾವ ಆರನ್ನು ತೆಗೆದರೂ ಯೀಸ್ಟ್ ಬದುಕುತ್ತದೆ, ಏಳನ್ನೂ ತೆಗೆದರೆ ಸಾಯುತ್ತದೆ. ಇವುಗಳಲ್ಲಿ ನಾಲ್ಕನೆಯದು ಮುಚ್ಚಳವಿರುವ ಟೊಳ್ಳಿನಲ್ಲಿ ಒಂದು ಸ್ಟೆರಾಲ್ ಅಣು ಇಟ್ಟುಕೊಂಡು ಹೋಗಿ, ಇಳಿಸಿ, ಬರುವಾಗ ಬೇರೊಂದು ಜಿಡ್ಡನ್ನು ಹೊತ್ತು ತರುತ್ತದೆ. ಖಾಲಿ ಕೈಯಲ್ಲಿ ಮರಳುವುದಿಲ್ಲ. 2015ರಲ್ಲಿ ಲ್ಯಾಮ್ ಎಂಬ ಇನ್ನೊಂದು ಗುಂಪು ಗೊತ್ತಾಯಿತು, ಅವು ಇ.ಆರ್.ನಲ್ಲೇ ನೆಲೆನಿಂತು ಹೊರಪೊರೆಯ ಜೊತೆ ಸ್ಟೆರಾಲ್ ವಿನಿಮಯ ನಡೆಸುತ್ತವೆ.

ಇವೆಲ್ಲ ಪೊರೆ ಕಟ್ಟುವ ಜಿಡ್ಡುಗಳು, ಕಟ್ಟುನಿಟ್ಟಾಗಿ ಎಣ್ಣೆಯಲ್ಲ. ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಯೀಸ್ಟಿನೊಳಗೆ ಎಣ್ಣೆ ಎಂದು ಅನುಮಾನವಿಲ್ಲದೆ ಕರೆಯಬಹುದಾದದ್ದು ಬೇರೆ ಇದೆ: ಇ.ಆರ್.ನ ಪೊರೆಯ ಎರಡು ಪದರಗಳ ನಡುವೆ ಊರಿ, ಮೊಗ್ಗಿನಂತೆ ಉಬ್ಬಿ ಹೊರಬರುವ ಜಿಡ್ಡಿನ ಹನಿಗಳು. ಒಂದೇ ಪದರದ ಹೊದಿಕೆ, ಒಳಗೆ ಟ್ರೈಗ್ಲಿಸರೈಡ್, ಅಂದರೆ ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲ ಕಟ್ಟಿದ ಅದೇ ಅಣು. ಎಳ್ಳಿನ ತೂಕದ ಸುಮಾರು ಅರ್ಧದಷ್ಟಿರುವ ಎಣ್ಣೆ ಕಾಳಿನೊಳಗೆ ಕೂತಿರುವುದೂ ಇಂಥದೇ ಹನಿಗಳಲ್ಲಿ. ಅವು ಹುಟ್ಟುವುದೂ ಎಳ್ಳಿನ ಜೀವಕೋಶದ ಇ.ಆರ್.ನಿಂದಲೇ. ಗಾಣಿಗ ಹಿಂಡುತ್ತಿದ್ದದ್ದು ಇವನ್ನೇ.

ಯೀಸ್ಟಿನ ಈ ಎಣ್ಣೆಯ ಬಗ್ಗೆ ಕರ್ನಾಟಕದಲ್ಲಿಯೂ ಕೆಲಸ ನಡೆದಿದೆ. ರೊಡೊಟೊರುಲ ಎಂಬ ಯೀಸ್ಟ್ ಎಷ್ಟು ಎಣ್ಣೆ ಕೂಡಿಡುತ್ತದೆಂದರೆ ಅದನ್ನು ಎಣ್ಣೆ ಯೀಸ್ಟ್ ಎಂದೇ ಕರೆಯುತ್ತಾರೆ. ಎಣ್ಣೆ ಕಟ್ಟುವ ಕೆಲಸ ಪೊರೆಯ ಮೇಲೆ ಮಾತ್ರ ಅಲ್ಲ, ಪೊರೆಯ ಹೊರಗೆ ಕೋಶರಸದಲ್ಲಿರುವ ಕಿಣ್ವಗಳ ಒಂದು ಕೂಟದಲ್ಲೂ ಆ ಯೀಸ್ಟಿನಲ್ಲಿ ನಡೆಯುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮ್ ರಾಜಶೇಖರನ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ರಾಜಶೇಖರನ್ ಮುಂದೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಿರ್ದೇಶಕರೂ ಆದರು. ಪೊರೆಗಳು ಎದುರುಬದುರು ನಿಲ್ಲುವ ಜಾಗದಲ್ಲಿ ಜಿಡ್ಡು ದಾಟುವ ಬಗೆಯನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ರಘು ಪಡಿಂಜತ್ ಅವರ ತಂಡ ಹಣ್ಣಿನ ನೊಣದ ಕಣ್ಣಿನಲ್ಲಿ ಅಭ್ಯಾಸ ಮಾಡುತ್ತ ಬಂದಿದೆ. ನೊಣದಲ್ಲಿ ಆ ಸಾಗಣೆಯ ಪ್ರೋಟೀನು ಕೆಟ್ಟರೆ ಬೆಳಕು ಬಿದ್ದಂತೆ ಕಣ್ಣಿನ ಕೋಶಗಳೇ ಹಾಳಾಗುತ್ತವೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವಾಗ ನಾನು ‘ಜಿಡ್ಡು’ ಎಂದು ಬಳಸಿಕೊಂಡು ಬಂದೆ. ಪಠ್ಯಪುಸ್ತಕಗಳು ಲಿಪಿಡ್ ಎನ್ನುತ್ತವೆ, ಕೆಲವರು ಮೇದಸ್ಸು ಎನ್ನುತ್ತಾರೆ. ಮೇದಸ್ಸು ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ಹೊಟ್ಟೆಯ ಬೊಜ್ಜು, ಮಿಲಿಮೀಟರಿನ ಇನ್ನೂರನೇ ಭಾಗದ ಜೀವಿಗೆ ಅದು ಹೊಂದುವುದಿಲ್ಲ. ಲಿಪಿಡ್ ಎಂಬುದಕ್ಕೂ ಬಹಳ ವಯಸ್ಸಾಗಿಲ್ಲ, ಫ್ರಾನ್ಸಿನ ಗೇಬ್ರಿಯಲ್ ಬರ್ಟ್ರಾಂಡ್ 1923ರಲ್ಲಿ ಗ್ರೀಕಿನ ಕೊಬ್ಬಿನ ಪದದಿಂದ ಕಟ್ಟಿದ್ದು. ಬೆಣ್ಣೆ, ತುಪ್ಪ, ಎಣ್ಣೆ, ಕೊಬ್ಬು ಇಷ್ಟನ್ನೂ ಒಂದೇ ತೆಕ್ಕೆಗೆ ತೆಗೆದುಕೊಳ್ಳುವ ಪದ ಬೇಕೆಂದು ಅವರಿಗೆ ಆಗ ಅನ್ನಿಸಿತು. ಕನ್ನಡದಲ್ಲಿ ಅದು ಇತ್ತು, ನೆಯ್. ಅಳತೆ ತೆಗೆದು ಹೊಲಿದಂತೆ ಅದೇ ಅರ್ಥ. ಮತ್ತೆ ತಂದುಕೊಳ್ಳಬಹುದೇ ಎಂದರೆ ನನಗೆ ಅನುಮಾನ. ನೆಯ್ ಎಂದೊಡನೆ ಇಂದಿನ ಕಿವಿಗೆ ಕೇಳುವುದು ನೇಯ್ಗೆ, ಮಗ್ಗ. ‘ನೆಯ್ಸಾಗಣೆ’ ಎಂದು ಬರೆದರೆ ಓದುಗ ಸೀರೆಯ ಲಾರಿ ಎಂದುಕೊಂಡಾನು. ಪೊರೆಯ ಜಿಡ್ಡಿಗೆ ಲಿಪಿಡ್ ಇರಲಿ. ಹನಿಗೆ ಮಾತ್ರ ಎಣ್ಣೆಹನಿ ಎಂದೇ ಬರೆಯುತ್ತೇನೆ, ಹೊಸ ಪದ ಕಟ್ಟುವವರು ಏನೇ ಹೇಳಲಿ.